ಎಡ್ವಿನ್ ಬಾರ್ಲೊ ಎಂಬ ಹೆಸರು

"ಯಾರು?" ಎಂದು ಬಾಗಿಲ ಹಿಂದಿನಿಂದ ಹೆಂಗಸಿನ ದನಿ ಕೇಳಿತು.

ಎಡ್ವಿನ್ ತಡವರಿಸಿದ. ಮೂವತ್ತೈದು ವರ್ಷ ಟೀವಿಯಲ್ಲಿ ಬಟ್ಲರ್, ಪಾದ್ರಿ, ಪೊಲೀಸು, ವಕೀಲರ ಗುಮಾಸ್ತ ಎಂದು ಯಾರ್ಯಾರೋ ಆಗಿ ಬಾಗಿಲು ತಟ್ಟಿದವನಿಗೆ ಈ ಒಂದು ಬಾಗಿಲಲ್ಲಿ ಹೇಳಲು ಹೆಸರಿರಲಿಲ್ಲ. ತೆರೆಯ ಮೇಲಿನ ಹೆಸರು ಜೂಲಿಯನ್ ವೇನ್. ಹುಟ್ಟಿನ ಹೆಸರು ಹೇಳೋಣವೆಂದರೆ, ಅದೇ ಹೆಸರಿನ ಗಂಡನನ್ನು ಈಕೆ ಮಣ್ಣು ಮಾಡಿ ಬಂದು ಇನ್ನೂ ಮೂರು ವಾರ.

"ನಟರ ಸಂಘದ ಕಾಗದದ ವಿಷಯಕ್ಕೆ ಬಂದೆ" ಎಂದ.

ಸಂಘದ ಕಟ್ಟಳೆ ಹಳೆಯದು. ಒಂದು ಹೆಸರು ಒಬ್ಬನಿಗೇ. ಮೊದಲು ಬರೆಸಿದವನದೇ ಹೆಸರು. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಮೊದಲ ಟೀವಿ ಪಾತ್ರ ಸಿಕ್ಕ ಹಿಗ್ಗಿನಲ್ಲಿ ಎಡ್ವಿನ್ ಬಾರ್ಲೊ ಸದಸ್ಯನಾಗಲು ಹೋದಾಗ, ಅಲ್ಲಿದ್ದ ಹುಡುಗಿ ಪುಸ್ತಕ ತಿರುವಿ, "ಈ ಹೆಸರಿನೋರು ಒಬ್ಬರು ಆಗ್ಲೇ ಇದಾರಲ್ಲ. ಬೇರೆ ಹೇಳಿ, ಬೇಗ" ಎಂದಿದ್ದಳು. ಮಧ್ಯಾಹ್ನಕ್ಕೆ ತಾಲೀಮು. ಕಿಟಕಿಯಾಚೆ ಒಂದು ಕೊಡೆ ಅಂಗಡಿ. ಹಲಗೆಯ ಮೇಲೆ 'ವೇನ್ ಮತ್ತು ಮಕ್ಕಳು' ಎಂದಿತ್ತು. ಅದನ್ನೇ ಹೇಳಿದ. ಜೂಲಿಯನ್ ಎಂಬುದನ್ನು ಆ ಹುಡುಗಿಯೇ ಸೇರಿಸಿದಳು, ಚೆನ್ನಾಗಿ ಒಪ್ಪುತ್ತದೆಂದು.

ಗಣಿಯೂರು ವಿಗನ್‌ನಲ್ಲಿದ್ದ ಅಪ್ಪನ ಹೆಸರೂ ಎಡ್ವಿನ್ ಬಾರ್ಲೊ, ತಾತನದೂ ಅದೇ. ಕಲ್ಲಿದ್ದಲ ಗಣಿಯ ಹಾಜರಿ ಪುಸ್ತಕ ಬಿಟ್ಟರೆ ಆ ಹೆಸರನ್ನು ಯಾರೂ ಎಲ್ಲೂ ಬರೆದವರಲ್ಲ. ಮಗ ಟೀವಿಯಲ್ಲಿ ಬರುವ ಸಂಜೆ ಅಪ್ಪ ಇಸ್ತ್ರಿ ಮಾಡಿದ ಕಾಲರ್ ಅಂಗಿ ಹಾಕಿಕೊಂಡು, ಅಡುಗೆಮನೆಯ ಕುರ್ಚಿಗಳನ್ನೂ ಮುಂದಿನ ಕೋಣೆಗೆ ಹೊತ್ತು ತಂದು, ಗಣಿಯ ಜೊತೆಗಾರರನ್ನೆಲ್ಲ ಕೂರಿಸಿದ್ದ. ಕೊನೆಗೆ ಹೆಸರುಗಳು ಮೇಲೇರಿದವು. ಬಾರ್ಲೊ ಬರಲೇ ಇಲ್ಲ. "ನಿನ್ನ ಹುಡುಗನ್ನ ಮರೆತೇಬಿಟ್ರಲ್ಲೋ ಎಡ್ವಿನ್" ಎಂದು ಯಾರೋ ನಕ್ಕರು.

ಮುಂದಿನ ಸಲ ಊರಿಗೆ ಹೋದಾಗ ಮಗ ಕಟ್ಟಳೆಯನ್ನು ಬಿಡಿಸಿ ಹೇಳಿದ. ಅಪ್ಪ ಪೂರ್ತಿ ಕೇಳಿಸಿಕೊಂಡ.

"ನನ್ನ ಹೆಸರು ಯಾವನಿಗೋ ಬಿಟ್ಟುಕೊಟ್ಟು, ಕೊಡೆ ಮಾರೋನ ಮಗ ಆಗಿ ಬಂದೆ. ಆಗಲಪ್ಪ, ಮಳೆ ಬಂದಾಗ ಹೇಳಿ ಕಳಿಸ್ತೀನಿ."

ಆಮೇಲೆ ಮಗನ ಮುಖ ತೆರೆಯ ಮೇಲೆ ಕಂಡಾಗಲೆಲ್ಲ ಅಪ್ಪ ಎದ್ದು ಹಿತ್ತಲ ಪಾರಿವಾಳದ ಗೂಡಿಗೆ ಹೋಗುತ್ತಿದ್ದ. ಸಾಯುವ ತನಕ ಹಾಗೇ.

ಈಗ ಸಂಘದಿಂದ ಕಾಗದ ಬಂದಿತ್ತು: ಆ ಹೆಸರಿನ ಸದಸ್ಯರು ತೀರಿಕೊಂಡಿದ್ದಾರೆ, ಅವರ ಪತ್ನಿ ಒಪ್ಪಿ ರುಜು ಹಾಕಿದರೆ ಹೆಸರು ನಿಮ್ಮದು. ಬರುವ ತಿಂಗಳು ತೋರಿಸಲಿರುವ ಪತ್ತೇದಾರಿ ನಾಟಕದಲ್ಲಿ ಅವನದು ಮುದಿ ಗಣಿ ಕೆಲಸಗಾರನ ಪಾತ್ರ. ಅಪ್ಪನ ಹೆಸರು ಒಂದೇ ಒಂದು ಸಲ ಆ ಟೀವಿಯ ಗಾಜಿನ ಮೇಲೆ ಹಾದುಹೋದರೆ ಸಾಕೆಂದು ಅವನು ರೈಲು ಹತ್ತಿ ಈ ಸಮುದ್ರದಂಡೆಯ ಊರಿಗೆ ಬಂದಿದ್ದ.

ಬಾಗಿಲು ತೆರೆದ ಐರಿಸ್ ಅವನ ಮುಖ ನೋಡಿ ಕಣ್ಣರಳಿಸಿದಳು. "ಅಯ್ಯೋ! ಸೂಪಿನ ತಟ್ಟೇಲಿ ಮುಖ ಇಟ್ಟು ಸತ್ತೋರಲ್ವಾ ನೀವು? ಅದೇ, ಬಟ್ಲರು! ಬನ್ನಿ ಬನ್ನಿ ಒಳಗೆ."

ಚಹಾ ಬಂತು, ಶುಂಠಿ ಬಿಸ್ಕತ್ತು ಬಂತು.

"ಯಜಮಾನರು ಯಾವ ಯಾವ ನಾಟಕ ಮಾಡಿದ್ರು?" ಎಂದು ಎಡ್ವಿನ್ ಕೇಳಿದ.

"ಎರಡು ವರ್ಷ ಕ್ರಿಸ್‌ಮಸ್ ನಾಟಕದಲ್ಲಿ ಹಸು ಆಗಿದ್ರು. ಹಿಂಗಾಲು. ಅದೇ ವೇಷದೊಳಗೆ ಮುಂಗಾಲಿನೋನು ಬೇರೆ."

"ಆಮೇಲೆ?"

"ಆಮೇಲೇನು, ಪೇಂಟ್ ಅಂಗಡಿ. ಜೀವನ ಪೂರ್ತಿ ಬಣ್ಣ ಕಲೆಸಿದ್ರು. ಆದ್ರೂ ಸಂಘದ ಚಂದಾ ಒಂದು ವರ್ಷಾನೂ ತಪ್ಪಿಸಲಿಲ್ಲ. ಬಿಟ್ಹಾಕಿ ಅತ್ಲಾಗೆ ಅಂತಿದ್ದೆ. 'ಬಿಟ್ರೆ ಹೆಸರು ಹೋಗುತ್ತೆ ಕಣೇ, ನಾಳೆ ಯಾರಾದ್ರೂ ಕರೆದ್ರೆ?' ಅನ್ನೋರು. ಫೋನು ಬಡ್ಕೊಂಡ್ರೆ ಸಾಕು, ಕೈ ಒರೆಸ್ಕೊಂಡು ಓಡೋರು."

ಎಡ್ವಿನ್ ಕಚ್ಚಿದ ಬಿಸ್ಕತ್ತನ್ನು ತಟ್ಟೆಗೆ ಇಟ್ಟ. ಒಂದು ಹಸುವಿನ ಹಿಂಗಾಲು. ಅಷ್ಟಕ್ಕೆ ಅಪ್ಪ ಹದಿನಾರು ವರ್ಷ ಗೂಡಿನ ಮುಂದೆ ನಿಂತ.

"ನಿಮ್ಮನ್ನ ಕಂಡ್ರೆ ಬಲು ಇಷ್ಟ ಅವರಿಗೆ" ಐರಿಸ್ ಹೇಳುತ್ತಲೇ ಇದ್ದಳು. "'ಜೂಲಿಯನ್ ವೇನ್! ಹೆಸರು ಅಂದ್ರೆ ಅದು. ಬಾರ್ಲೊ ಅಂತ ಇಟ್ಕೊಂಡ್ರೆ ಯಾರು ಕರೀತಾರೆ ಹೇಳು' ಅನ್ನೋರು."

ಎಡ್ವಿನ್ ಕಾಗದ ಬಿಚ್ಚಿ ಅವಳ ಮುಂದಿಟ್ಟ. ಅವಳು ಕನ್ನಡಕ ಹುಡುಕಿ ಹಾಕಿಕೊಂಡು ಓದಿದಳು. ಮತ್ತೊಮ್ಮೆ ಓದಿದಳು. ಅವಳ ಮುಖದಲ್ಲಿದ್ದ ನಗು ಇಳಿಯಿತು.

"ಅವರು ಬಿಟ್ಟಿದ್ರೆ ನಿಮ್ಗೆ ಅವತ್ತೇ ಸಿಗ್ತಿತ್ತು."

"ಹೂಂ."

"ನೀವು ಬಂದು ಕೇಳಿದ್ರೆ ಕೊಡ್ತಿದ್ರೋ ಏನೋ. ಯಾಕೆ ಬರಲಿಲ್ಲ?"

ಈ ಮೂವತ್ತೈದು ವರ್ಷದಲ್ಲಿ ಬಂದು ಕೇಳಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಐರಿಸ್ ರುಜು ಹಾಕಿದಳು. ಕಾಗದವನ್ನು ಮಾತ್ರ ಕೂಡಲೇ ಬಿಡಲಿಲ್ಲ. "ಒಂದೇ ಮಾತು. ಈ ಹೆಸರಿಟ್ಕೊಂಡು ಸಾಯೋ ಪಾತ್ರ ಮಾಡ್ಬೇಡಿ. ಇನ್ನೊಂದ್ಸಲ ನನ್ಕೈಲಿ ನೋಡಕ್ಕಾಗಲ್ಲ."

ಗಣಿ ಕೆಲಸಗಾರ ಹನ್ನೊಂದನೆಯ ನಿಮಿಷಕ್ಕೆ ಸಾಯುತ್ತಾನೆ. ಚಿತ್ರೀಕರಣ ಮುಗಿದೇ ಎರಡು ತಿಂಗಳು.

"ಖಂಡಿತ ಇಲ್ಲ" ಎಂದ ಎಡ್ವಿನ್. ಆ ಎರಡು ಪದಗಳನ್ನು ಅವನು ಬಲು ಚೆನ್ನಾಗಿ ಹೇಳಿದ.

ನಾಟಕ ತೋರಿಸಿದ ಭಾನುವಾರ ವಿಗನ್‌ನಲ್ಲಿ ಅಕ್ಕ ಡೋರೀನ್ ಅಡುಗೆಮನೆಯ ಕುರ್ಚಿಗಳನ್ನು ಮುಂದಿನ ಕೋಣೆಗೆ ಎಳೆದು ತಂದಿದ್ದಳು. ಬಂದವಳು ಪಕ್ಕದ ಮನೆಯ ಆಗ್ನೆಸ್ ಒಬ್ಬಳೇ. ಮಿಕ್ಕ ಕುರ್ಚಿಗಳು ಖಾಲಿ ಉಳಿದವು. ಡೋರೀನ್ ಅವನ್ನು ಒಳಗೆ ಒಯ್ಯಲಿಲ್ಲ.

ತೆರೆಯ ಮೇಲೆ ಮುದುಕ ಗಣಿಯ ದಾರಿಯಲ್ಲಿ ನಿಂತು ಕೆಮ್ಮಿದ.

"ಅಪ್ಪನ ಕೆಮ್ಮು ಕಣೋ ಅದು, ಕಳ್ಳ!" ಎಂದು ಡೋರೀನ್ ತಮ್ಮನ ಮೊಣಕೈಗೆ ಗುದ್ದಿದಳು. ಮುದುಕ ಸತ್ತ. ಉಳಿದ ಕಥೆಯನ್ನು ಮೂವರೂ ಹೆಸರುಗಳಿಗಾಗಿ ಕಾದು ಕಳೆದರು.

"ಎಷ್ಟನೇ ಹೆಸರೋ?"

"ಒಂಬತ್ತನೇದು."

ಡೋರೀನ್ ಕನ್ನಡಕ ಒರೆಸಿಕೊಂಡು ಕುರ್ಚಿಯ ಅಂಚಿಗೆ ಸರಿದಳು. ಸಂಗೀತ ಶುರುವಾಯಿತು. ಮೊದಲ ಹೆಸರು ಕಾಣಿಸಿತು, ಎರಡನೆಯದು ಕಾಣಿಸಿತು. ಅಷ್ಟರಲ್ಲಿ ಇಡೀ ಚಿತ್ರ ಕುಗ್ಗಿ, ಬಲಗಡೆಯ ಮೂಲೆಗೆ ಅಂಚೆಚೀಟಿಯಷ್ಟಾಗಿ ಹೋಯಿತು. ಉಳಿದ ತೆರೆ ತುಂಬ ಒಂದು ಅಡುಗೆಮನೆ. ಉಲ್ಲಾಸದ ದನಿಯೊಂದು ಸಂಗೀತದ ಮೇಲೆಯೇ ಹೇಳಿತು: ಮುಂದೆ ನೋಡಿ, ಕೇಕ್ ಸ್ಪರ್ಧೆ!

ಮೂಲೆಯಲ್ಲಿ ಹೆಸರುಗಳ ಬಿಳಿಯ ಇರುವೆಸಾಲೊಂದು ಸರಸರ ಮೇಲೇರುತ್ತಿತ್ತು.

"ಬಂತಾ?" ಎಂದಳು ಆಗ್ನೆಸ್. "ಎಲ್ಲೇ ಡೋರೀನ್? ನಂಗೇನೂ ಕಾಣ್ಲಿಲ್ಲ."

"ಸುಮ್ನಿರೇ ನೀನು." ಡೋರೀನ್ ಎದ್ದು ಹೋಗಿ ಟೀವಿಯ ಮುಂದೆ ಮಂಡಿಯೂರಿದ್ದಳು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ. ತೋರುಬೆರಳಿನಿಂದ ಆ ಮೂಲೆಯನ್ನು ಅದುಮಿ ಹಿಡಿದಿದ್ದಳು. ಎಡ್ವಿನ್ ಖಾಲಿ ಕುರ್ಚಿಗಳ ನಡುವೆ ಕೂತೇ ಇದ್ದ. ಮೂಲೆಯ ಹೆಸರುಗಳು ಮುಗಿದುಹೋದರೂ ಬೆರಳು ಅಲ್ಲೇ ಇತ್ತು. ಅದರ ಕೆಳಗೆ ಯಾರದೋ ಕೈ ಒಂದು ಕೇಕಿನ ಮೇಲೆ ನಿಧಾನವಾಗಿ ಬಿಳಿಯ ಕೆನೆ ಬಳಿಯುತ್ತಿತ್ತು.