ನಾನೇ ಬರೆದು ನಾನೇ ನೋಡದ ಚಿತ್ರ

ನಾನು ಒಂದು ಮಸೂರ. ಎಂಟು ಮಿಲಿಮೀಟರ್ ರೀಲಿನ ಪುಟ್ಟ ಸಿನಿಮಾ ಕ್ಯಾಮೆರಾದ ಮುಂದೆ ಮೂಗಿನ ಹಾಗೆ ಕೂತಿರುವ ಲೆನ್ಸು. ಜರ್ಮನಿಯ ಒಂದು ಕಾರ್ಖಾನೆಯಲ್ಲಿ ಮೂರು ಗಾಜುಗಳನ್ನು ತಿಕ್ಕಿ ನುಣುಪು ಮಾಡಿ, ಹಿತ್ತಾಳೆಯ ಕೊಳವೆಯಲ್ಲಿ ಕೂರಿಸಿ ನನ್ನನ್ನು ಮಾಡಿದರು. ಕನ್ನಡಕದ ಹೆಂಗಸೊಬ್ಬಳು ನನ್ನ ಉಂಗುರಕ್ಕೆ ಎಳ್ಳಿನಷ್ಟು ಸಣ್ಣ ಮೂರು ತಿರುಪು ಬಿಗಿದು ಮುಂದಕ್ಕೆ ತಳ್ಳಿದಳು. ಅಂದಿನಿಂದ ನನಗೆ ಸಮಾಧಾನವೆಂಬುದಿಲ್ಲ.

ಕಾರಣವಿದೆ. ಎದುರಿಗಿರುವುದನ್ನೆಲ್ಲ ನಾನು ನೋಡುತ್ತೇನೆ. ನೋಡಿದ್ದನ್ನು ಹೆಸರುಕಾಳಿನಷ್ಟು ಚಿತ್ರ ಮಾಡಿ, ತಲೆಕೆಳಗಾಗಿ, ಬೆನ್ನ ಹಿಂದೆ ಓಡುವ ರೀಲಿನ ಮೇಲೆ ಬರೆಯುತ್ತೇನೆ. ಆ ರೀಲು ಮುಂಬೈಗೆ ಹೋಗಿ ತೊಳೆಸಿಕೊಂಡು ಬಂದು, ಬೇರೆ ಯಂತ್ರದಲ್ಲಿ ಸುತ್ತಿ ಗೋಡೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ನಾನು ಚರ್ಮದ ಚೀಲದೊಳಗೆ! ಬರೆದದ್ದು ನೆಟ್ಟಗಿತ್ತೋ ಸೊಟ್ಟಗಿತ್ತೋ, ಯಾರೂ ಬಂದು ಹೇಳುವುದಿಲ್ಲ.

ನನ್ನ ಮೊದಲ ಒಡೆಯ ಹುಬ್ಬಳ್ಳಿಯ ರೈಲ್ವೆ ಗಾರ್ಡ್ ಹ್ಯಾರಿ. ರೈಲು ಬಿಟ್ಟು ಬೇರೇನನ್ನೂ ತೆಗೆದವನಲ್ಲ. ಆಸ್ಟ್ರೇಲಿಯಾಕ್ಕೆ ಹೊರಡುವಾಗ ಅವನು ನನ್ನನ್ನು ರೈಲ್ವೆ ವರ್ಕ್‌ಶಾಪಿನ ಸದಾನಂದ ಹಂಚಿನಾಳ ಅವರಿಗೆ ಮಾರಿದ.

ಸದಾನಂದರು ಬಂಗಾರದಂಥ ಮನುಷ್ಯ. ಆದರೆ ಅವರಿಗೊಂದು ಚಟ. ಅಲುಗಾಡುವುದೇನು ಕಂಡರೂ ಎಣ್ಣೆ ಬಿಡಬೇಕು. ಬಾಗಿಲ ತಿರುಗಣಿ, ಸೈಕಲ್ಲು, ಹೊಲಿಗೆ ಯಂತ್ರ ಎಲ್ಲ ಮುಗಿದ ಮೇಲೆ ನನ್ನ ಸರದಿ ಬಂತು. ಉಂಗುರ ಬಿಗಿಯಾಗಿದೆಯೆಂದು ಮುಂದಿನ ಗಾಜನ್ನೇ ಬಿಚ್ಚಿ, ಎರಡು ಹನಿ ಬಿಟ್ಟು, ಮತ್ತೆ ತಿರುಗಿಸಿ ಕೂರಿಸಿದರು. ಆ ಗಾಜು ಕೂರುವ ತಿರುಪಿನ ಸುತ್ತು ನಾಲ್ಕು ಕಡೆಯಿಂದ ಶುರುವಾಗುತ್ತದೆ, ಸರಿಯಾದದ್ದು ಒಂದೇ. ಅವರು ಹಿಡಿದದ್ದು ಬೇರೆಯದನ್ನು. ಉಂಗುರದ ಮೇಲೆ ಆರು ಅಡಿ ಎಂದಿದ್ದರೆ ನನಗೆ ಸ್ಪಷ್ಟವಾಗಿ ಕಾಣುತ್ತಿದ್ದದ್ದು ಮೂರೇ ಅಡಿ. ಇದು ಅವರಿಗೆ ತಿಳಿಯುವಂತಿರಲಿಲ್ಲ. ಅವರು ಕಣ್ಣಿಡುವ ಕಿಂಡಿ ನನ್ನ ತಲೆಯ ಮೇಲಿದೆ, ಅದರಲ್ಲಿ ಎಲ್ಲವೂ ಯಾವಾಗಲೂ ಚೊಕ್ಕವೇ.

ಮರುವಾರ ಅವರ ಮಗಳ ತೊಟ್ಟಿಲ ಶಾಸ್ತ್ರ. ಹೆಂಡತಿ ಕಸ್ತೂರಿಗೆ ಹುಟ್ಟಿನಿಂದ ಕಿವಿಯಿಲ್ಲ, ಮಾತಿಲ್ಲ. ಕೈಯಿಂದ ತಾನೇ ಕಟ್ಟಿಕೊಂಡ ಮಾತು ಆಕೆಯದು. ಗಂಡನೂ ಅದನ್ನು ಕಲಿತಿದ್ದರು, ನೋಡಿ ನೋಡಿ ನನಗೂ ಅಷ್ಟಿಷ್ಟು ತಿಳಿಯುತ್ತಿತ್ತು. ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಪ್ರಫುಲ್ಲಾ’ ಎಂದು ಉಸುರಿದಳು. ಎಲ್ಲರೂ ನಕ್ಕರು. ಕಸ್ತೂರಿ ಮಾತ್ರ ನಾದಿನಿಯ ತುಟಿಯನ್ನೇ ನೋಡುತ್ತ ನಿಂತಿದ್ದಳು. ಮಗಳ ಹೆಸರು ಆಕೆಗೆ ಕೇಳುವುದೂ ಇಲ್ಲ, ಕರೆಯಲು ಬರುವುದೂ ಇಲ್ಲ.

ತಿಂಗಳಾದ ಮೇಲೆ ಆ ರೀಲು ಬಂತು. ಚೀಲದೊಳಗಿದ್ದ ನನಗೆ ಸೋದರತ್ತೆಯ ದನಿ ಕೇಳಿಸಿತು.

“ಅಯ್ಯ, ಎಲ್ಲಾ ಮಂಜ ಬಿದ್ದಂಗ ಐತಲ್ಲೋ ಸದಾ! ಯಾರ ಮಾರಿನೂ ಕಾಣವಲ್ದು.”

ನಾಚಿಕೆಯಿಂದ ಸತ್ತೇ ಹೋದೆ.

ಅದೇ ತಿಂಗಳು ಕಸ್ತೂರಿಯ ಹೃದಯ ಕೆಟ್ಟಿದೆ ಎಂದು ಗೊತ್ತಾಯಿತು. ಮುಂಬೈಯಲ್ಲಿ ಆಪರೇಷನ್, ಹತ್ತು ದಿನದಲ್ಲಿ ಹೊರಡಬೇಕು, ಭರವಸೆ ಕೊಡಲಾಗದು ಎಂದರಂತೆ ಡಾಕ್ಟರು. ಕಸ್ತೂರಿ ಗಂಡನೆದುರು ಕೈಯಾಡಿಸಿದಳು. ‘ನನ್ನ ಚಿತ್ರ ತೆಗೆ. ಅವ್ವ ಹೇಗೆ ಮಾತಾಡುತ್ತಿದ್ದಳೆಂದು ಮಗಳು ನೋಡಬೇಕು.’

ಸದಾನಂದರು ನನ್ನನ್ನು ಎತ್ತಿಕೊಂಡು ಓಡಿದ್ದು ಪೀರಸಾಬನ ಅಂಗಡಿಗೆ. ಇಪ್ಪತ್ತೆರಡರ ಹುಡುಗ, ಗಡಿಯಾರ, ಕ್ಯಾಮೆರಾ ಎರಡನ್ನೂ ರಿಪೇರಿ ಮಾಡುತ್ತಿದ್ದ.

“ಎಣ್ಣಿ ಹಾಕೀರೇನ್ರಿ ಸಾಹೇಬ್ರ?”

“ಎರಡ ಹನಿ…”

“ಇದೇನ್ ಇಂಜಿನ್ನೇನ್ರಿ!”

“ತಪ್ಪಾತಪ್ಪಾ. ಈ ಒಂದ್ ರೀಲ್ ಕೆಡಬಾರ್ದು ನೋಡು. ಇನ್ನೊಮ್ಮೆ ತೆಗ್ಯಾಕ ಆಕಿ ಇರ್ತಾಳೋ ಇಲ್ಲೋ.”

ಪೀರಸಾಬ ಗಾಜುಗಳನ್ನು ಬಿಚ್ಚಿ ಎಣ್ಣೆ ಒರೆಸಿದ. ರೀಲು ಓಡುವ ಜಾಗದಲ್ಲಿ ಬೆಣ್ಣೆ ಕಾಗದದ ಚೂರು ಅಂಟಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ನನ್ನ ಬೆನ್ನ ಹಿಂದಿನಿಂದ ನೋಡಿದ. ನಾನು ಬರೆಯುವುದನ್ನು ಬರೆಯುತ್ತಿರುವಾಗಲೇ ನೋಡಿದ ಮೊದಲ ಮನುಷ್ಯ ಅವನು! ದೂರದ ಗಿರಣಿಯ ಚಿಮಣಿ ಕಾಗದದ ಮೇಲೆ ತಲೆಕೆಳಗಾಗಿ ನಿಂತಿತು. ಅದರ ಅಂಚು ಹರಿತವಾಗುವವರೆಗೆ ತಿರುಗಿಸಿ, ಮೂರು ತಿರುಪು ಬಿಗಿದ. ಆಮೇಲೆ ಟೇಪು ಹಿಡಿದು ನಾಲ್ಕು ಅಡಿಯಲ್ಲಿ ಒಂದು ಗಡಿಯಾರವಿಟ್ಟು, ಅದರ ಮುಳ್ಳನ್ನೂ ನೋಡಿದ.

“ನಾಕ್ ಅಡಿಗೆ ಇಟ್ಟೇನ್ರಿ. ಇನ್ ಮುಟ್ಟಬ್ಯಾಡ್ರಿ.”

ಕಸ್ತೂರಿ ಕಿಟಕಿಯ ಬಳಿ ಕೂತಳು. ಕೀಲಿ ಕೊಟ್ಟ ಕ್ಯಾಮೆರಾ ಕರಕರ ಓಡಿತು. ಆಕೆಯ ಕೈಗಳು ಏನೆಲ್ಲ ಹೇಳಿದವು! ಹೊಟ್ಟೆ ತುಂಬ ಉಣ್ಣು, ಅಪ್ಪನನ್ನು ಬೈಯಬೇಡ, ಮೋಡ ಕಂಡರೆ ಬಟ್ಟೆ ಒಳಗೆ ತಾ. ನಡುವೆ ನಕ್ಕಳು ಕೂಡ. ಕೈಮಾತು ಮುಗಿದರೂ ಕೀಲಿ ಇನ್ನೂ ಉಳಿದಿತ್ತು. ಆಗ ಆಕೆ ಕೈಗಳನ್ನು ತೊಡೆಯ ಮೇಲಿಳಿಸಿ, ಕಿರುಬೆರಳಿನಿಂದ ಎಡ ಅಂಗೈಯಲ್ಲಿ ಒಂದು ಸುತ್ತು ಹಾಕಿದಳು. ಆ ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ತೊಟ್ಟಿಲ ಕಡೆ ತೋರಿಸಿದಳು. ನನಗೆ ಗೊತ್ತಿಲ್ಲದ ಮಾತದು. ಕಿಂಡಿ ಮೇಲಿದ್ದುದರಿಂದ ಸದಾನಂದರಿಗೆ ಮುಖವಷ್ಟೇ ಕಂಡಿತ್ತು, ಕೈ ಕಂಡದ್ದು ನನಗೊಬ್ಬನಿಗೇ.

ಕಸ್ತೂರಿ ಮುಂಬೈಯಿಂದ ಮರಳಲಿಲ್ಲ. ನನ್ನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ನಲವತ್ತೇಳು ವರ್ಷ! ಮುಚ್ಚಳದ ಕತ್ತಲೆಯಲ್ಲಿ ಒಂದೇ ಚಿಂತೆ. ಆ ರೀಲು ಬಂತೇ? ಮತ್ತೆ ಮಂಜೇ? ಚೆನ್ನಾಗಿದ್ದಿದ್ದರೆ ನನ್ನನ್ನು ಮತ್ತೆ ಹೊರಗೆ ತೆಗೆಯುತ್ತಿರಲಿಲ್ಲವೇ? ಹಾಳು ಮಾಡಿದೆ ಎಂದೇ ಈ ಶಿಕ್ಷೆ ಎಂದುಕೊಂಡೆ. ಗಾಜಿನ ಮೇಲೆ ಬೂಷ್ಟು ಹಬ್ಬಿತು, ಉಂಗುರ ಕಚ್ಚಿಕೊಂಡಿತು, ಚಿಂತೆ ಮಾತ್ರ ಕದಲಲಿಲ್ಲ.

ಸದಾನಂದರು ತೀರಿಕೊಂಡ ಮೇಲೆ ಪ್ರಫುಲ್ಲಾ ಕಪಾಟು ತೆರೆದಳು. ನನ್ನನ್ನು ಒಯ್ದದ್ದು ಅದೇ ಅಂಗಡಿಗೆ. ಪೀರಸಾಬನಿಗೆ ಈಗ ಬಿಳಿ ಗಡ್ಡ. ಹಿಂದೆ ಬೆಣ್ಣೆ ಕಾಗದ ಅಂಟಿಸಿ, ಆಕೆಯನ್ನು ನಾಲ್ಕು ಅಡಿ ದೂರದಲ್ಲಿ ಕೂರಿಸಿದ. ಸುಮ್ಮನೆ ಕೂರಲಾರದ ಆಕೆಯ ಕೈ ತೊಡೆಯ ಮೇಲೆ ಆಡಿತು. ಕಿರುಬೆರಳು ಅಂಗೈಯಲ್ಲಿ ಒಂದು ಸುತ್ತು ಹಾಕಿತು, ಮುಷ್ಟಿ ಮುಚ್ಚಿತು.

ಕಸ್ತೂರಿಯ ಅದೇ ಸುತ್ತು, ಅದೇ ಮುಷ್ಟಿ!

“ಏನ್ರಿ ಅಕ್ಕಾರ ಅದು, ಕೈಯಾಗ?” ಕಾಗದದಿಂದ ಕಣ್ಣು ತೆಗೆಯದೆ ಕೇಳಿದ ಪೀರಸಾಬ.

“ನನ್ನ ಹೆಸರ್ರೀ. ನಮ್ಮವ್ವ ಇಟ್ಟಿದ್ದು. ಅಪ್ಪಗೂ ಗೊತ್ತಿರ್ಲಿಲ್ಲ, ರೀಲ್ ಬಂದ ಮ್ಯಾಲೇ ಕಂಡಿದ್ದಂತ. ಆಕಿ ಉಗುರು ಸೈತ ಕಾಣ್ತೈತ್ರಿ.”

“ಮತ್ತ ಅವ್ರು ಇದನ್ನ ಯಾಕ ಮುಟ್ಟಲಿಲ್ಲ?”

“ಪೀರಸಾಬ ಇಟ್ಟಿದ್ದು ಇಟ್ಟಂಗ ಇರ್ಲಿ, ನನ್ನ ಕೈ ನೆಟ್ಟಗಿಲ್ಲ ಅಂತಿದ್ರು.”

ಮುದುಕ ಕನ್ನಡಕ ತೆಗೆದು ಒರೆಸಿಕೊಂಡ. ಬೂಷ್ಟು ತೆಗೆಯಬೇಕಾದರೆ ಉಂಗುರ ಬಿಚ್ಚಬೇಕು, ಬಿಚ್ಚಲೇ ಎಂದು ಕೇಳಿದ.

“ಬ್ಯಾಡ್ರಿ. ಹಂಗ ಇರ್ಲಿ,” ಎಂದಳು ಪ್ರಫುಲ್ಲಾ.

ಈಗ ನಾನು ಆಕೆಯ ಮೇಜಿನ ಮೇಲಿದ್ದೇನೆ. ಮುಚ್ಚಳವಿಲ್ಲ. ನಾಲ್ಕು ಅಡಿಗಿಂತ ಆಚೆಯದೆಲ್ಲ ನನಗೆ ಮಂಜು, ಆಕೆಯ ಕುರ್ಚಿ ಇರುವುದು ಸರಿಯಾಗಿ ನಾಲ್ಕು ಅಡಿಗೆ.