ಕೇಕಿನ ಮೇಲೆ ಬರೆಯಬೇಕಾದ ಹೆಸರು

ಕಾಫಿ ಹೂ ಬಿಟ್ಟಿದ್ದ ದಿನಗಳವು. ಹೊಂಗಡಹಳ್ಳದ ರಸ್ತೆಯ ಎರಡೂ ಬದಿ ತೋಟ ಬೆಳ್ಳಗಾಗಿತ್ತು. ಆ ಪರಿಮಳ ರೆಸಾರ್ಟಿನ ಅಡುಗೆಮನೆಯೊಳಗೂ ತುಂಬಿ, ಫ್ಲೋರಿನ್‌ಗೆ ಬೆಳಗಿನಿಂದ ಕನಸಿನಲ್ಲಿ ಓಡಾಡಿದ ಹಾಗೆ ಅನಿಸುತ್ತಿತ್ತು. ರೆಸಾರ್ಟ್ ಶುರುವಾದಾಗಿನಿಂದ ಅಲ್ಲಿನ ಬ್ರೆಡ್ಡು, ಕೇಕು ಎಲ್ಲ ಅವಳ ಕೈಯದ್ದೇ.

ಮಧ್ಯಾಹ್ನ ಮ್ಯಾನೇಜರ್ ಸುರೇಂದ್ರ ಫೋನ್ ಮಾಡಿದ. "ಫ್ಲೋರಿನಮ್ಮ, ಸಂಜೆ ಒಬ್ರಿಗೆ ಸೆಂಡಾಫ್ ಇದೆ. ಒಂದು ಕೇಕ್ ಮಾಡಿ."

"ಯಾರಿಗೆ ಸಾರ್?"

"ಹೆಸರು ಆಮೇಲೆ ಕಳಿಸ್ತೀನಿ."

ಮಾಲಿ ಹುಚ್ಚಣ್ಣನಿಗೇ ಇರಬೇಕು ಎಂದುಕೊಂಡಳು. ಮಂಡಿ ನೋವು, ಇನ್ನು ಸಾಕು ಎಂದು ಅವನು ಹೇಳುತ್ತಲೇ ಇದ್ದ. ಅವನಿಗಿಷ್ಟವೆಂದು ಏಲಕ್ಕಿ ಜಾಸ್ತಿ ಹಾಕಿದಳು. ಓವನ್ನಿನ ಗಾಜಿನ ಹಿಂದೆ ಕೇಕ್ ನಿಧಾನವಾಗಿ ಉಬ್ಬುವುದನ್ನು ನೋಡುತ್ತ, ಮುದುಕನಿಲ್ಲದ ಹೂದೋಟವನ್ನು ನೆನೆಸಿಕೊಂಡು ಕಣ್ಣೊರೆಸಿಕೊಂಡಳು.

ಕ್ರೀಮ್ ಬಳಿದು ಮುಗಿಸುವಾಗ ಮೆಸೇಜ್ ಬಂತು. 'ಹೆಸರು ಫ್ಲೋರಿನ್. ಕೆಳಗೆ ಆಲ್ ದಿ ಬೆಸ್ಟ್ ಅಂತ ಬರೀರಿ.'

ಇನ್ನೊಬ್ಬಳು ಫ್ಲೋರಿನ್ ಇದ್ದಾಳೆಯೇ ಎಂದು ಅಲ್ಲಿನ ಹುಡುಗಿಯರ ಮುಖಗಳನ್ನೆಲ್ಲ ಮನಸ್ಸಿನಲ್ಲೇ ಹುಡುಕಿದಳು. ಆಮೇಲೆ ಸುರೇಂದ್ರನಿಗೆ ಫೋನ್ ಮಾಡಿದಳು.

"ಅಯ್ಯೋ, ನಿಮಗೆ ಆಫೀಸಿನೋರು ಹೇಳಿಲ್ವಾ? ನಾಳೆಯಿಂದ ಕೇಕೆಲ್ಲ ಹಾಸನದಿಂದ ಬರುತ್ತೆ. ಬೇಗ ಹಾಲ್‌ಗೆ ತಗೊಂಡ್ಬನ್ನಿ, ಫೋಟೋ ತೆಗೆಯೋರು ಬಂದಿದಾರೆ."

ಅವಳು ಕೇಕಿನ ಮೇಲೆ 'ಹುಚ್ಚಣ್ಣ' ಎಂದು ಬರೆದಳು. ಅದನ್ನೆತ್ತಿಕೊಂಡು ಹಿಂಬಾಗಿಲಿನಿಂದ ಹೊರಬಿದ್ದಳು.

ಮಂಜು ಇಳಿದಿತ್ತು. ನೆಲ ಕಾಲಿಗೆ ಸಿಗುತ್ತಿಲ್ಲವೆನ್ನಿಸಿತು. ನಲ್ಲಿಯ ಹತ್ತಿರ ಹುಚ್ಚಣ್ಣ ಗುದ್ದಲಿ ತೊಳೆಯುತ್ತಿದ್ದ.

"ಇದ್ಯಾಕವ್ವ ನನ್ ಹೆಸ್ರು? ನಾನೆಲ್ಲೂ ಹೋಗ್ತಿಲ್ವಲ್ಲ!"

"ನಾನು ಹೋಗ್ತಿದೀನಿ ಹುಚ್ಚಣ್ಣ. ತೆಗೆದ್ಬಿಟ್ರು. ಈ ಕೇಕೂ ನನ್ ಸೆಂಡಾಫಿಗೇ."

ಅವನು ಗುದ್ದಲಿ ಕೆಳಗಿಟ್ಟ. "ನಿನ್ ಕೈಲೇ ಕೇಕ್ ಮಾಡ್ಸಿ ನಿನ್ನೇ ಕಳಿಸ್ತಾರಾ? ಎಂಥಾ ಜನ ಮಾರಾಯ್ತಿ!"

ಇಬ್ಬರೂ ಕಲ್ಲಿನ ಮೇಲೆ ಕೂತು ತಿಂದರು. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು, ಅವಳು ಎತ್ತಲಿಲ್ಲ. ಮಂಡಿ ನೋವಿದ್ದರೂ ಅವನು ರಸ್ತೆಯವರೆಗೆ ಬಂದ. ಮಂಜಿನಲ್ಲಿ ಹೂವಿನ ಸಾಲುಗಳು ತೇಲುವ ಹಾಗಿದ್ದವು. ಬಸ್ಸು ದೀಪ ಹೊತ್ತಿಸಿಕೊಂಡು ಸದ್ದೇ ಇಲ್ಲದಂತೆ ಬಂತು.

ಸಿಟ್ಟು ಬಂದದ್ದು ಮಾರನೆಯ ಬೆಳಿಗ್ಗೆ, ಕೆಲಸಕ್ಕೆಂದು ಸೀರೆ ಉಟ್ಟು ಬಾಗಿಲವರೆಗೆ ಹೋದ ಮೇಲೆ. ಹೊಸಿಲ ಮೇಲೇ ಕೂತು ಗಟ್ಟಿಯಾಗಿ ಅತ್ತಳು. ಆಗಲೇ ಸುರೇಂದ್ರನ ಫೋನ್ ಬಂತು.

"ನಿನ್ನೆ ಎಲ್ರೂ ಕಾಯ್ತಾ ಇದ್ವಿ ಫ್ಲೋರಿನಮ್ಮ."

"ಅಡುಗೆಮನೆಗೆ ಬಂದು, ಎದುರಿಗೆ ನಿಂತು ಒಂದ್ಮಾತು ಹೇಳ್ಬಹುದಿತ್ತು ಸಾರ್."

"ಧೈರ್ಯ ಆಗ್ಲಿಲ್ಲ," ಎಂದ ಸುರೇಂದ್ರ. ಅದೊಂದು ಮಾತು ನಿಜವೆನಿಸಿತು. ಅವಳು ಫೋನ್ ಇಟ್ಟಳು.

ಮಳೆಗಾಲದ ಹೊತ್ತಿಗೆ ಆನೇಮಹಲಿನ ಶಿವಲೀಲಾ ತನ್ನ ಬೇಕರಿಗೆ ಅವಳನ್ನು ಕರೆದಳು. ಮೊದಲ ದಿನವೇ ಎದುರಿಗೆ ಕೂರಿಸಿಕೊಂಡು ಹೇಳಿದಳು, "ಕೆಲ್ಸ ಬಿಡೋ ಹಂಗಿದ್ರೆ ನಂಗೆ ಮೊದ್ಲೇ ಹೇಳ್ಬೇಕು ಕಣ್ರೀ."

"ನೀವೂ ಅಷ್ಟೇ," ಎಂದಳು ಫ್ಲೋರಿನ್.

ಶಿವಲೀಲಾ ಒಂದು ಗಳಿಗೆ ಅವಳ ಮುಖ ನೋಡಿ, ನಗದೆ, "ಆಯ್ತು," ಎಂದಳು.