ಹೊರಗಿನ ಚಿಲಕ

ಶಾಯಿ ಹರಡುತ್ತಿದೆ, ಲಂಗದ ಪಟ್ಟಿಯ ಒಳಬದಿಗೆ ಚಂಪಾ ಅಂತ ಬರೆದರೆ ಮೊದಲ ಅಕ್ಷರದ ಹೊಟ್ಟೆ ತುಂಬಿ ಬರೀ ಕಪ್ಪು ಚುಕ್ಕೆಯಾಗುತ್ತದೆ, ತೊಳೆದು ತೊಳೆದು ಜಾಳಾದ ಬಟ್ಟೆ, ಪೆನ್ನು ಹಗುರವಾಗಿ ಹಿಡಿಯಬೇಕು, ಹಗುರವಾಗಿ ಹಿಡಿದರೆ ಮೂಡುವುದಿಲ್ಲ — ಇನ್ನೊಂದು ಲಂಗ, ರವಿಕೆಗಳು, ಆಮೇಲೆ ಸೀರೆಗಳ ಮೂಲೆ, ಎಲ್ಲದರ ಮೇಲೂ ಹೆಸರು ಬೇಕು ಅಂದಿದ್ದಾಳೆ ಕಲ್ಯಾಣದ ಆ ವೃದ್ಧರ ಹೋಮ್‌ನವಳು, ಆಂಟೀ, ಸಬ್ ಕಾ ಕಪ್ಡಾ ಏಕ್ ಸಾಥ್ ಧುಲ್ತಾ ಹೈ, ಅದಲುಬದಲಾದರೆ ಆಮೇಲೆ ನಮ್ಮನ್ನು ಕೇಳಬೇಡಿ. ಮಂಚದ ಆ ಬದಿಗೆ ನನ್ನ ಬ್ಯಾಕ್‌ಪ್ಯಾಕ್ ಬಾಯಿ ತೆರೆದು ನಿಂತಿದೆ, ಈ ಬದಿಗೆ ಅತ್ತೆಯ ನೀಲಿ ಚೀಲ, ನಾಳೆ ಅದು ವಿಯೆಟ್ನಾಮಿಗೆ, ಇದು ಕಲ್ಯಾಣಕ್ಕೆ. ಕಿಟಕಿಯ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅತ್ತೆ ನೋಡುತ್ತಲೇ ಇದ್ದಾರೆ, ಎಂತ ಬರೆಯುವುದು ಶರ್ಮಿಳಾ, ನಿಮ್ಮ ಹೆಸರು ಅತ್ತೆ, ಯಾಕೆ, ಊರಲ್ಲಿ ನನ್ನ ಹೆಸರು ಗೊತ್ತಿಲ್ಲದವರು ಯಾರುಂಟು — ಅಂತ ನಗುತ್ತಾರೆ, ಹಲ್ಲಿನ ಸೆಟ್ ತೆಗೆದಿಟ್ಟ ಬಾಯಿ, ನಾನೂ ನಗಬೇಕಾಯಿತು, ಯಾಕೆಂದರೆ ಇವರು ತಮ್ಮ ತಾಯಿಗೆ ಹೇಳಿರುವುದು ಹೋಗುವುದು ಕಾರ್ಕಳಕ್ಕೆ ಅಂತ, ಅಮ್ಮಾ, ಇವಳು ಫಾರಿನ್‌ನಿಂದ ಬರುವ ತನಕ ನೀನು ಊರಲ್ಲಿ ಆರಾಮ ಮಾಡು, ಹೇಳುವಾಗ ಕೈ ಟಿವಿಯ ರಿಮೋಟಿನ ಮೇಲಿತ್ತು, ಕಣ್ಣು ಟಿವಿಯ ಮೇಲೆ.

ಸುತ್ತಬೇಕು, ಮಡಚಬಾರದು, ಟೀ ಶರ್ಟನ್ನು ಪತ್ರೊಡೆಯ ಎಲೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ ನಿಲ್ಲಿಸಬೇಕು, ಭಾರದ್ದು ಬೆನ್ನಿಗೆ ತಾಗಿ, ಮೊದಲು ಬೇಕಾಗುವುದು ಎಲ್ಲಕ್ಕಿಂತ ಮೇಲೆ, ನಿಕಿತಾ ಹನೋಯಿಯಿಂದ ದಿನಾ ಕಲಿಸುತ್ತಾಳೆ ಫೋನಿನಲ್ಲಿ, ನನ್ನ ಮಗಳಿಗೆ ತುಳುವೂ ತಿಳಿಯುತ್ತದೆ ಕನ್ನಡವೂ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ, ಮಮ್ಮೀ, ಸಾತ್ ಕಿಲೋ ಮತ್ಲಬ್ ಸಾತ್ ಕಿಲೋ, ಪೀಠ್ ತುಮ್ಹಾರೀ ಹೈ, ಏಳು ಅಂದರೆ ಏಳೇ, ಹೊರುವ ಬೆನ್ನು ನನ್ನದಂತೆ. ಉಪ್ಪಿನಕಾಯಿ ತೆಗೆದೆ, ಎರಡನೇ ಟವೆಲ್ ತೆಗೆದೆ, ಸ್ವೆಟರ್ ಇಟ್ಟೆ, ತೆಗೆದೆ, ಪುನಃ ಇಟ್ಟೆ. ಐವತ್ತೊಂದನೇ ವಯಸ್ಸಿಗೆ ಪ್ಯಾಂಟು, ಮಗಳ ಜೊತೆ ಊರೂರು ತಿರುಗುವಾಗ ಹಾಸ್ಟೆಲಿನಲ್ಲಿ ಮೇಲಿನ ಮಂಚ ಸಿಕ್ಕಿದರೆ ಏಣಿ ಹತ್ತಬೇಕಂತೆ, ಹತ್ತುತ್ತೇನೆ, ಈ ತಿಂಗಳಿಡೀ ಬ್ಯಾಗಿಗೆ ಅಕ್ಕಿಯ ಪ್ಯಾಕೆಟ್ ತುಂಬಿಸಿಕೊಂಡು ಬಿಲ್ಡಿಂಗಿನ ಮೆಟ್ಟಿಲು ಹತ್ತಿ ಇಳಿದಿದ್ದೇನೆ, ಕೆಳಗಿನ ಮನೆಯವನು ಬಾಗಿಲು ತೆರೆದು, ಕಾಯ್ ವಹಿನೀ, ಎವರೆಸ್ಟ್ ಕಧೀ, ಎವರೆಸ್ಟಿಗೆ ಯಾವಾಗ ಅಂತ ಕೇಳಿ ಹೆಂಡತಿಯನ್ನೂ ಕರೆದು ತೋರಿಸಿದ, ನಗಲಿ. ಮದುವೆಯಾದ ಮೇಲೆ ನಾನು ಹೋದದ್ದಾದರೂ ಎಲ್ಲಿಗೆ, ಇಲ್ಲಿಂದ ಕಾರ್ಕಳ, ಕಾರ್ಕಳದಿಂದ ಇಲ್ಲಿಗೆ, ಅದೂ ಯಾರಾದರೂ ಸತ್ತಾಗ ಅಥವಾ ಯಾರದಾದರೂ ಮದುವೆಗೆ, ಅತ್ತೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅದೂ ಇಲ್ಲ, ಡೊಂಬಿವಲಿ ಸ್ಟೇಷನ್ನಿನ ಆಚೆಬದಿಯನ್ನು ನೋಡಿ ಎಷ್ಟು ಕಾಲವಾಯಿತು. ಇವರು ಬಿಡಲಾರರು ಅಂದುಕೊಂಡಿದ್ದೆ, ಮೂರು ತಿಂಗಳಾ ಅಂತ ಕೂಗುತ್ತಾರೆ ಅಂದುಕೊಂಡಿದ್ದೆ, ಹೋಗು ಮಾರಾಯ್ತಿ, ಎಷ್ಟು ವರ್ಷ ಮಾಡಿದಿ ನೀನು, ಅಮ್ಮನ ವ್ಯವಸ್ಥೆ ನಾನು ನೋಡ್ತೇನೆ, ಅಂದರು, ನಾನು ಬಚ್ಚಲಿನ ನಲ್ಲಿ ಬಿಟ್ಟು ಕಣ್ಣೀರು ಹಾಕಿದೆ, ಜಯಶೀಲ ಅನ್ನುವ ಈ ಗಂಡಸು ಒಳ್ಳೆಯವನು, ನಾನೇ ತಿಳಿಯಲಿಲ್ಲ ಅಂತ. ಫ್ರೀಜರಿನಲ್ಲಿ ಗಸಿಯ ಮಸಾಲೆಯನ್ನು ಉಂಡೆ ಕಟ್ಟಿ ಇಟ್ಟೆ, ಕೋಳಿಯದು ಬೇರೆ, ಮೀನಿನದು ಬೇರೆ, ಖುಷಿಯಲ್ಲಿ ಎಷ್ಟು ಉಂಡೆ ಕಟ್ಟಿದೆನೋ. ನಿನ್ನೆ ಹೋಮ್‌ಗೆ ಫೋನು ಮಾಡಿದೆ, ಹೆಸರನ್ನು ದಾರದಲ್ಲಿ ಹೊಲಿಯಲಾ ಪೆನ್ನಿನಲ್ಲಿ ಬರೆಯಲಾ ಅಂತ ಕೇಳಲಿಕ್ಕೆ, ಕಳೆದ ತಿಂಗಳು ಎರಡು ದಿನ ಬಿಟ್ಟಿದ್ದಾಗ ಹೆಸರು ಬೇಕಾಗಿರಲಿಲ್ಲವಲ್ಲ ಅಂದೆ, ವೋ ತೋ ಟ್ರಯಲ್ ಥಾ ಆಂಟೀ, ಅಬ್ ತೋ ಪರ್ಮನೆಂಟ್ ಹೈ ನಾ, ಅಂಕಲ್ ಬೋಲೇ. ಹಾಂ ಹಾಂ ಅಂದೆ. ಯಾಕೆ ಹಾಂ ಅಂದೆ. ಸಂಜೆ ಇವರು ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ತಮ್ಮ ಕ್ಯಾಂಟೀನ್ ಮುಚ್ಚಿ ಬಂದು ಅನ್ನಕ್ಕೆ ಮೊಸರು ಕಲಸುವಾಗ ಕೇಳಿದೆ, ಅವರು ತಲೆ ಎತ್ತಲಿಲ್ಲ, ಅಲ್ಲಿ ಅಮ್ಮನಿಗೆ ಅಭ್ಯಾಸ ಆದ ಮೇಲೆ ಪುನಃ ಯಾಕೆ ಎಳೆದಾಡುವುದು, ನಿನಗೂ ಒಳ್ಳೆಯದಲ್ವಾ, ಊರಿನವರು ಕೇಳಿದರೆ ಏನು ಹೇಳ್ತೀರಿ ಅಂದೆ, ಎಂತ ಹೇಳುವುದು, ಸೊಸೆ ಫಾರಿನಿಗೆ ಹೋಗಿದ್ದಾಳೆ ಅಂದರೆ ಮುಗೀತಲ್ಲ. ಮುಗೀತಲ್ಲ — ಅದಕ್ಕೇ ಅಂದದ್ದು ಹೋಗು ಮಾರಾಯ್ತಿ ಅಂತ.

ಇವರಿಗೆ ಹೋಮ್‌ನ ಆ ಬಾಗಿಲು ಕಾಣಲಿಲ್ಲ, ಅಥವಾ ಕಂಡಿತು. ಟ್ರಯಲ್ ಮುಗಿದು ಕರೆದುಕೊಂಡು ಬರಲು ಹೋದಾಗ ಹೋಮ್‌ನವಳು ಟಿಫಿನ್ ತಟ್ಟೆ ಕೈಯಲ್ಲಿ ಹಿಡಿದೇ ಮುಂದೆ ನಡೆದಳು, ಆಂಟೀ ಬಹುತ್ ಜಿದ್ದೀ ಹೈ, ದಿನಭರ್ ಬಾಹರ್ ಜಾನಾ ಹೈ, ಬಾಹರ್ ಜಾನಾ ಹೈ, ನಮ್ಮಲ್ಲಿ ಒಬ್ಬಳು ಮಂಗಳೂರಿನ ಹುಡುಗಿ ಇದ್ದಳು, ಆಂಟಿಯ ಭಾಷೆಗೆ ಅವಳೇ ಅರ್ಥ ಹೇಳಿದಳು, ಓಡಿಹೋದರೆ ನಮ್ಮ ತಲೆಗೆ ಬರುತ್ತದೆ ಅಂತ ಹಾಕಿಸಿದೆವು, ಅಂದಳು, ಬಾಗಿಲಿನ ಹೊರಬದಿಗೆ ಹೊಸ ಚಿಲಕ, ಸ್ಕ್ರೂ ಕೂರಿಸಿದಲ್ಲಿ ಬಣ್ಣ ಎದ್ದು ಮರದ ಪುಡಿ ಇನ್ನೂ ಅಂಟಿಕೊಂಡಿತ್ತು, ಅದನ್ನು ಸರಿಸಿದಳು, ಟಕ್ ಅಂತ ಎಷ್ಟು ಸಲೀಸು, ಒಳಗೆ ಅತ್ತೆ ಮಂಚದ ಅಂಚಿಗೆ ಕೂತಿದ್ದರು, ಒದ್ದೆ ಸೀರೆಯಲ್ಲಿ, ಕೆಳಗೆ ಒಣಗಿದ್ದೂ ಒಣಗದ್ದೂ, ನನ್ನನ್ನು ನೋಡಿ ಮುಖವನ್ನು ಗೋಡೆಗೆ ತಿರುಗಿಸಿದರು. ತುಳುವಿನಲ್ಲಿ ಅತ್ತೆ ಅಂದದ್ದು ಪಿದಾಯಿ ಪೋವೊಡು. ಹೊರಗೆ ಹೋಗಬೇಕು. ಅದು ಕಕ್ಕಸಿಗೆ, ಊರಲ್ಲಿ ಕಕ್ಕಸು ಮನೆಯ ಹೊರಗೆ, ಹಿತ್ತಲ ಆಚೆ, ಅತ್ತೆ ಆ ಮಾತನ್ನು ಮುಂಬೈಗೆ ತಂದರು, ಕಕ್ಕಸು ಮನೆಯೊಳಗೆ ಬಂದ ಮೇಲೂ ಮಾತು ಒಳಗೆ ಬರಲಿಲ್ಲ, ನಿಕಿತಾ ಚಿಕ್ಕವಳಿದ್ದಾಗ ಅಜ್ಜಿ ಪಿದಾಯಿ ಅಂದರೆ ಸಾಕು ಓಡಿಹೋಗಿ ಚಪ್ಪಲಿ ಹಾಕಿಕೊಂಡು ಬರುತ್ತಿದ್ದಳು, ಗಾರ್ಡನ್? ಗಾರ್ಡನ್? ಅಂತ, ಅತ್ತೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಹೊರಗೆ ಕೂತು ಅಳುತ್ತಿದ್ದಳು, ಎಷ್ಟು ನಗುತ್ತಿದ್ದೆವು. ಆ ಮಂಗಳೂರಿನ ಹುಡುಗಿ ತಪ್ಪೇನೂ ಹೇಳಲಿಲ್ಲ, ಸಣ್ಣ ಪ್ರಾಯ, ಪೇಟೆಯವಳಿರಬೇಕು, ಶಬ್ದಕ್ಕೆ ಶಬ್ದ ಸರಿಯಾಗಿಯೇ ಹೇಳಿದಳು. ನಾನು ಅಲ್ಲೇ ವಿವರಿಸಿದೆ, ಹಾಂ ಆಂಟೀ, ಸಮಝ್ ಗಯೀ, ಅಂತ ತಲೆ ಆಡಿಸಿದಳು, ಆಚೆಯ ಕೋಣೆಯಿಂದ ಇನ್ನಾರೋ ಬಾಗಿಲು ಬಡಿಯುತ್ತಿದ್ದರು, ಇವಳು ಅತ್ತ ತಿರುಗಿಯೂ ನೋಡಲಿಲ್ಲ, ಇವರು ಕೆಳಗೆ ಗಾಡಿಯಲ್ಲಿ ಹಾರ್ನ್ ಹೊಡೆದರು.

ಹೊರಗೆ ಅಂದರೆ ನನಗೂ ಗೊತ್ತು. ಕಳವಾ ಸ್ಟೇಷನ್ ಬಳಿ ಮೊದಲು ನಾವಿದ್ದ ಆ ಒಂದು ಕೋಣೆಯ ಚಾಳಿನಲ್ಲಿ ತಿಂಗಳಿಗೆ ಮೂರು ದಿನ ಹೊರಗೆ, ಒಳಗೆ ಜಾಗವೇ ಇಲ್ಲದ ಮನೆಗೆ ಹೊರಗೆ ಅಂದರೆ ಎಲ್ಲರೂ ನಡೆದಾಡುವ ಗ್ಯಾಲರಿ, ಮೂಲೆಯಲ್ಲಿ ಚಾಪೆ, ನೀರು ತುಂಬಲು ಹೋಗುವ ಗಂಡಸರೆಲ್ಲ ನನ್ನನ್ನು ದಾಟಿಯೇ ಹೋಗಬೇಕು, ಎಲ್ಲರಿಗೂ ಗೊತ್ತು, ಅತ್ತೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು, ಆ ಸದ್ದಿಗೆ ನನ್ನ ಹೊಟ್ಟೆ ಉರಿಯುತ್ತಿತ್ತು, ನಿಮಗೂ ಒಂದು ದಿನ ಬರಲಿ ಅಂದುಕೊಂಡಿದ್ದೇನೆ, ಅಂದುಕೊಂಡಿಲ್ಲ ಅಂತ ಯಾರ ಮುಂದೆ ಹೇಳಲಿ, ಬಂತಲ್ಲ, ಚಿಲಕ ಬದಿ ಬದಲಾಯಿಸಿ ಬಂತು. ಒಂದು ಮಧ್ಯಾಹ್ನ ಮೂರನೇ ಕೋಣೆಯ ಕುಡುಕ ನನ್ನೆದುರು ನಿಂತು ಬಾಯಿಗೆ ಬಂದದ್ದು ಹಾಡತೊಡಗಿದಾಗ ಚಿಲಕ ಟಕ್ ಅಂದಿತು, ಅತ್ತೆ ಹಿಡಿಸೂಡಿ ಹಿಡಿದು ಹೊರಗೆ ಬಂದರು, ಅವನು ಹೋದ ಮೇಲೂ ಒಳಗೆ ಹೋಗಲಿಲ್ಲ, ಸಂಜೆಯ ತನಕ ನನ್ನಿಂದ ಒಂದು ಮಾರು ದೂರದಲ್ಲಿ ಕೂತು ಬಟಾಣಿ ಸುಲಿದರು, ಮುಂದಿನ ತಿಂಗಳೂ ನಾನು ಹೊರಗೆಯೇ, ಆದರೆ ಅವರೂ ಮಣೆ ತಂದು ಹೊರಗೆ ಕೂತರು. ಒಳಗೆ ಕರೆಯಲಿಲ್ಲ, ತಾವೇ ಹೊರಗೆ ಬಂದರು. ಅದಕ್ಕೆ ಏನು ಹೆಸರು, ಪ್ರೀತಿ ಅಲ್ಲ, ಪ್ರೀತಿ ಅಂದರೆ ಇಬ್ಬರಿಗೂ ನಗು ಬರುತ್ತದೆ — ಬ್ಯಾಗು ತೂಗಬೇಕು, ಸ್ವೆಟರ್ ಇಟ್ಟರೆ ಏಳು ದಾಟುತ್ತದೆ. ಹೋಗದೆ ಇರಲಾ. ಇಲ್ಲ, ಹೋಗುತ್ತೇನೆ, ನಾನು ಉಳಿದರೂ ಇವರು ಇನ್ನೊಂದು ನೆಪ ಹುಡುಕುತ್ತಾರೆ, ಉಳಿದವಳು ಪುನಃ ಉಳಿಯುತ್ತಾಳೆ, ಬ್ಯಾಗಿನ ಬೆಲ್ಟ್ ಸೊಂಟಕ್ಕೆ ಬಿಗಿದುಕೊಂಡರೆ ಭಾರ ಭುಜಕ್ಕೆ ಬರುವುದಿಲ್ಲವಂತೆ, ಮಗಳೇ, ನಿನಗೇನು ಗೊತ್ತು.

ಕೆಲಸದ ದಾನಮ್ಮ ನೆಲ ಒರೆಸುತ್ತ ಮಂಚದ ಕೆಳಗೆ ಬಗ್ಗಿದವಳು ಎದ್ದು ಎರಡೂ ಚೀಲ ನೋಡಿದಳು, ನಾಳೆ ಅತ್ತೆಯನ್ನು ಗಾಡಿ ಹತ್ತಿಸಬೇಕಾದವಳು ಇವಳೇ, ಇವರಿಗೆ ಕ್ಯಾಂಟೀನು, ಬೆಳಕು ಹರಿಯುವ ಮೊದಲೇ ಹೋಗುತ್ತಾರೆ, ನನ್ನ ಟ್ಯಾಕ್ಸಿ ಆಮೇಲೆ, ಹೋಮ್‌ನ ಗಾಡಿ ಮಧ್ಯಾಹ್ನ, ಏನ್ ಅಕ್ಕಾರ, ಇಬ್ರೂ ಕೂಡೇ ಹೊಂಟೀರೇನ್ರಿ, ಅಂತ ಕೇಳಿದಳು, ಇಲ್ಲ ಮಾರಾಯ್ತಿ, ನಾನು ಬೇರೆ ಅವರು ಬೇರೆ, ಹೌದ್ರ್ಯಾ, ಚೀಲ ನೋಡಿದ್ರ ಒಂದ ಊರಿಗಿ ಹೊಂಟಂಗ ಅದಾವ್ರಿ, ಅಂತ ಬಕೆಟ್ ಎತ್ತಿಕೊಂಡು ಹೋದಳು. ಕೂಡೇ. ಟ್ಯಾಕ್ಸಿ ಶಿಳ್ ಫಾಟಾ ದಾಟಿ, ಮಹಾಪೆ ದಾಟಿ, ನೆರೂಳ ದಾಟಿಯೇ ಹೊಸ ಏರ್‌ಪೋರ್ಟಿಗೆ ಹೋಗಬೇಕು, ನೆರೂಳದಲ್ಲಿ ಭಾಗ್ಯಾ ಇದ್ದಾಳೆ, ಅತ್ತೆ ಹೆತ್ತ ಮಗಳು, ಮೂರು ಬೆಡ್‌ರೂಮಿನ ಮನೆ, ಕೇಳಿದರೆ, ಅತ್ತಿಗೆ, ಈ ವರ್ಷ ನಮ್ಮ ಸಮಿತ್‌ಗೆ ಹನ್ನೆರಡನೇ ಕ್ಲಾಸು, ಅತ್ತಿಗೆ, ನಮ್ಮಲ್ಲಿ ಅಮ್ಮನಿಗೆ ಸೆಟ್ ಆಗ್ಲಿಕ್ಕಿಲ್ಲ, ಬಂದು ಒಮ್ಮೆ ಆ ಹೋಮ್ ನೋಡು ಭಾಗ್ಯಾ ಅಂದರೆ, ಅಯ್ಯೋ ಅತ್ತಿಗೆ, ನನಗೆ ಅಂಥ ಜಾಗ ನೋಡಿದರೆ ಅಳು ಬರ್ತದೆ, ಅಳು ಬರುತ್ತದೆ ಅವಳಿಗೆ. ಅತ್ತೆಯನ್ನೂ ನನ್ನ ಟ್ಯಾಕ್ಸಿಯಲ್ಲೇ ಕೂರಿಸಿಕೊಂಡು ಹೋಗಿ ಅವಳ ಮನೆಯ ಬೆಲ್ ಒತ್ತಬೇಕು. ಬಾಗಿಲು ತೆರೆಯುತ್ತಾಳೆ, ಅತ್ತೆಯನ್ನು ಸೋಫಾದಲ್ಲಿ ಕೂರಿಸಬೇಕು, ನೀಲಿ ಚೀಲ ಕಾಲ ಬಳಿ ಇಡಬೇಕು, ಟ್ಯಾಕ್ಸಿ ಕಾಯುತ್ತಿದೆ ಭಾಗ್ಯಾ, ಅಷ್ಟೇ, ಲಿಫ್ಟ್. ಅವಳು ತಕ್ಷಣ ಅಣ್ಣನಿಗೆ ಫೋನು ಮಾಡಬಹುದು, ಹೋಮ್‌ನ ಗಾಡಿ ಸಂಜೆಗೆ ನೆರೂಳಕ್ಕೇ ಬರಬಹುದು, ಆಗ ನಾನು ಬೆಂಗಳೂರಲ್ಲಿ ವಿಮಾನ ಬದಲಿಸುತ್ತಿರುತ್ತೇನೆ, ನನ್ನ ಫೋನು ಬಂದ್ ಇರುತ್ತದೆ. ಬರಲಿ. ಅತ್ತೆ ಮಗಳ ಕೈ ಹಿಡಿದೇ ಗಾಡಿ ಹತ್ತಲಿ, ಆ ಬಾಗಿಲಿನವರೆಗೆ ಮಗಳೂ ನಡೆಯಲಿ, ಅಥವಾ ಅದಕ್ಕೂ ಮೊದಲು ಅತ್ತೆ ಪಿದಾಯಿ ಅಂದರೆ ಆ ಮನೆಯಲ್ಲಿ ಒಬ್ಬಳಿಗಾದರೂ ತಿಳಿಯುತ್ತದೆ, ಅದನ್ನು ಭಾಗ್ಯಾಳಿಗೆ ಯಾರೂ ಕಲಿಸಬೇಕಾಗಿಲ್ಲ. ಇವರಿಗೆ ಹೇಳಬಾರದು, ನಿಕಿತಾಳಿಗೂ ಹೇಳಬಾರದು, ದಾನಮ್ಮನಿಗೆ ನಾಳೆ ಬರುವುದು ಬೇಡ ಅಂದರೆ ಆಯಿತು. ಪೆನ್ನಿನ ಮುಚ್ಚಳ ಹಾಕಿದೆ, ಸೀರೆಗಳಿಗೆ ಹೆಸರು ಬರೆಯಲಿಲ್ಲ, ಮಾತ್ರೆಯ ಪೊಟ್ಟಣ ಮೇಲೆ, ಹಲ್ಲಿನ ಸೆಟ್ಟಿನ ಡಬ್ಬಿ ಮೇಲೆ, ಅದಕ್ಕೂ ಮೇಲೆ ಒಣಗಿದ ಒಂದು ಲಂಗ, ಮೊದಲು ಬೇಕಾಗುವುದು ಎಲ್ಲಕ್ಕಿಂತ ಮೇಲೆ — ಶರ್ಮಿಳಾ, ಪಿದಾಯಿ ಪೋವೊಡು, ಬನ್ನಿ ಅತ್ತೆ, ನಿಧಾನ, ನನ್ನ ಭುಜ ಹಿಡಿಯಿರಿ, ಎಷ್ಟು ಹಗುರ, ಏಳು ಕಿಲೋ ಇಲ್ಲವೇನೋ ಅನ್ನುವಷ್ಟು, ಬಚ್ಚಲಿನ ಒಳಗೆ ಕೂರಿಸಿ ಬಾಗಿಲು ಎಳೆದುಕೊಂಡೆ, ಅವರಿಗೆ ನಾಚಿಕೆ, ಯಾರೂ ನೋಡಬಾರದು, ಹೊರಗೆ ನಿಂತೆ, ನನ್ನ ಕೈ ಬಾಗಿಲ ಮೇಲಿದೆ, ಕೈಯ ಕೆಳಗೆ ತಣ್ಣಗೆ ಏನೋ — ಚಿಲಕ, ಹೊರಬದಿಗೆ, ಈ ಮನೆ ಕೊಂಡ ದಿನದಿಂದ ಇಲ್ಲೇ ಇದ್ದದ್ದು, ಎಲ್ಲರ ಮನೆಯ ಬಚ್ಚಲಿಗೂ ಇರುವಂಥದ್ದು, ದಿನಾ ಮುಟ್ಟಿದ್ದೇನೆ, ನೋಡಿರಲಿಲ್ಲ, ಶರ್ಮಿಳಾ, ಹೊರಗೆ ಇದ್ದೀಯಾ, ಇದ್ದೇನೆ ಅತ್ತೆ, ಇದ್ದೀಯಲ್ಲಾ, ಇದ್ದೇನೆ, ಚಿಲಕ, ಬೆರಳು ತಾಗಿ ತಾಗಿ ನಡುವೆ ಮಾತ್ರ ಹೊಳೆಯುವ ಚಿಲಕ.